ಹಿಮ್ಮಡಿ ಒಡಕು: ಯಾವುದನ್ನು ಹಚ್ಚಬೇಕು, ಯಾವಾಗ ಹಚ್ಚಬೇಕು

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆ. ನನಗೆ ನಲವತ್ತಾರು ವರ್ಷ. ಪ್ರತಿವರ್ಷ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಎರಡೂ ಹಿಮ್ಮಡಿಗಳು ಒಡೆದು, ರಾತ್ರಿ ಹೊದಿಕೆಯ ನೂಲಿಗೆ ಸಿಕ್ಕಿ ಎಳೆಯುತ್ತವೆ. ಕೆಲವು ಒಡಕುಗಳಲ್ಲಿ ರಕ್ತವೂ ಬರುತ್ತದೆ. ಬೆಳಿಗ್ಗೆ ಕೆಲಸಕ್ಕಿಳಿಯುವ ಮುಂಚೆ ತೆಂಗಿನೆಣ್ಣೆ ಹಚ್ಚುತ್ತೇನೆ, ವಾರಕ್ಕೊಮ್ಮೆ ಬಚ್ಚಲಿನಲ್ಲಿ ಕಲ್ಲಿಗೆ ತಿಕ್ಕುತ್ತೇನೆ, ಗುಣ ಕಂಡಿಲ್ಲ. ಮುರುಗಲು ತುಪ್ಪ ಹಚ್ಚು ಎಂದು ಅತ್ತೆಯವರು ಹೇಳುತ್ತಾರೆ, ಮಗಳು ಮೆಡಿಕಲ್ ಅಂಗಡಿಯಿಂದ ಕ್ರೀಮ್ ತಂದುಕೊಟ್ಟಿದ್ದಾಳೆ. ಯಾವುದು ಒಳ್ಳೆಯದು? ಸಕ್ಕರೆ ಕಾಯಿಲೆಯಿರುವ ಅತ್ತೆಯವರ ಕಾಲೂ ಹೀಗೆಯೇ ಇದೆ. ನನಗೆ ಹೇಳುವ ಉಪಚಾರವನ್ನು ಅವರಿಗೂ ಮಾಡಬಹುದೇ?

ಉತ್ತರ: ಅತ್ತೆಯವರ ಕಾಲಿನ ವಿಚಾರ ಬೇರೆಯೇ ಆದುದರಿಂದ ಅದನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳುತ್ತೇನೆ, ಅಲ್ಲಿಯವರೆಗಿನ ಯಾವ ಮಾತನ್ನೂ ದಯವಿಟ್ಟು ಅವರಿಗೆ ಅನ್ವಯಿಸಬೇಡಿ. ನಿಮ್ಮ ಕಾಲಿನ ಮಟ್ಟಿಗೆ ಹೇಳುವುದಾದರೆ ಮುರುಗಲು ತುಪ್ಪವೂ ಸರಿ, ಕ್ರೀಮೂ ಸರಿ, ತೆಂಗಿನೆಣ್ಣೆಯೂ ತಪ್ಪಲ್ಲ. ತಪ್ಪಿರುವುದು ಹಚ್ಚುವ ಹೊತ್ತಿನಲ್ಲಿ, ಮತ್ತು ಹಚ್ಚುವುದಕ್ಕೆ ಮುಂಚೆ ಆಗಬೇಕಾದ ಕೆಲಸ ಆಗದಿರುವುದರಲ್ಲಿ. ಒಣಗಿದ ಹಿಮ್ಮಡಿಗೆ ಬೆಳಿಗ್ಗೆ ಎಣ್ಣೆ ಸವರಿಕೊಂಡು ಬರಿಗಾಲಲ್ಲಿ ನಡೆದಾಡಿದರೆ ಅದರ ಬಹುಪಾಲು ಮನೆಯ ಮೆಟ್ಟಿಲಿಗೂ ಅಂಗಳದ ಮಣ್ಣಿಗೂ ಸಲ್ಲುತ್ತದೆ. ಉಳಿದ ಜಿಡ್ಡಿಗೆ ಧೂಳು ಮೆತ್ತಿಕೊಂಡು ಒಡಕುಗಳು ಇನ್ನಷ್ಟು ಕಪ್ಪಾಗಿ ಕಾಣುತ್ತವೆ.

ನಮ್ಮ ಮೈಚರ್ಮದ ಹೆಚ್ಚಿನ ಭಾಗಗಳಲ್ಲಿ ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ, ಅಂಗಾಲಿನಲ್ಲಿ ಅವು ಇಲ್ಲವೇ ಇಲ್ಲ. ಅಲ್ಲಿ ಹೇರಳವಾಗಿರುವುದು ಬೆವರಿನ ಗ್ರಂಥಿಗಳು ಮಾತ್ರ. ಚರ್ಮದ ಅತ್ಯಂತ ಹೊರಗಿನ, ಸತ್ತ ಕೋಶಗಳಿಂದಾದ ಪದರವು ತೋಳಿನ ಒಳಮೈಯಲ್ಲಿ ಕೂದಲೆಳೆಗಿಂತಲೂ ತೆಳುವಾಗಿದ್ದರೆ ಹಿಮ್ಮಡಿಯಲ್ಲಿ ಒಂದು ಮಿಲಿಮೀಟರಿನಷ್ಟೋ ಅದಕ್ಕಿಂತ ಹೆಚ್ಚೋ ದಪ್ಪವಿರುತ್ತದೆ, ಮತ್ತು ಒತ್ತಡ, ತಿಕ್ಕಾಟ ಹೆಚ್ಚಾದಷ್ಟೂ ಇನ್ನೂ ದಪ್ಪವಾಗಿ ಜಡ್ಡುಗಟ್ಟುತ್ತದೆ. ಈ ಪದರ ಬಾಗುವಂತೆ, ಹಿಗ್ಗುವಂತೆ ಇರಬೇಕಾದರೆ ಅದರೊಳಗೆ ಒಂದಿಷ್ಟು ನೀರಿನಂಶ ಇರಲೇಬೇಕು. 1952ರಲ್ಲಿ ಅಮೆರಿಕದ ಚರ್ಮವಿಜ್ಞಾನಿ ಇರ್ವಿನ್ ಬ್ಲ್ಯಾಂಕ್ ಅವರು ಜಡ್ಡುಗಟ್ಟಿದ ಚರ್ಮದ ಒಣ ತುಂಡುಗಳ ಮೇಲೆ ಪ್ರಯೋಗ ನಡೆಸಿ, ಎಣ್ಣೆಯಲ್ಲಿ ಮುಳುಗಿಸಿಟ್ಟರೂ ಅವು ಮೆದುವಾಗುವುದಿಲ್ಲವೆಂದೂ ನೀರನ್ನು ಹೀರಿಕೊಂಡಾಗ ಮಾತ್ರ ಮೆದುವಾಗುತ್ತವೆಂದೂ ತೋರಿಸಿದರು. ಪದರದ ನೀರಿನಂಶ ಸುಮಾರು ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಪೆಡಸಾಗಿ ಮುರಿಯತೊಡಗುತ್ತದೆ ಎಂಬ ತಿಳಿವಳಿಕೆಯೂ ಆ ಕೆಲಸದಿಂದಲೇ ಬಂದದ್ದು. ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮರದಿಂದ ಬಿದ್ದು ಒಣಗಿದ ಹಾಳೆಯನ್ನು ಹಾಗೆಯೇ ಮಡಚಿದರೆ ಸೀಳುತ್ತದೆ, ನೀರಿನಲ್ಲಿ ನೆನೆಸಿದರೆ ಟೊಪ್ಪಿಯಾಗಿಯೂ ತಟ್ಟೆಯಾಗಿಯೂ ಬಾಗುತ್ತದೆ. ಎಣ್ಣೆ ಸವರಿ ಹಾಳೆ ಮಡಚುವವರನ್ನು ನಾನಂತೂ ಕಂಡಿಲ್ಲ. ಎಣ್ಣೆ, ತುಪ್ಪ, ವ್ಯಾಸಲೀನ್ ಇವುಗಳ ಕೆಲಸ ಚರ್ಮಕ್ಕೆ ನೀರು ಕೊಡುವುದಲ್ಲ, ಒಳಗೆ ಸೇರಿದ ನೀರು ಆರಿಹೋಗದಂತೆ ಮೇಲೆ ಮುಚ್ಚಳ ಹಾಕುವುದು. ನೀರೇ ಇಲ್ಲದ ಚರ್ಮದ ಮೇಲೆ ಮುಚ್ಚಳ ಹಾಕಿ ಫಲವಿಲ್ಲ.

ಒಡಕು ಹಿಮ್ಮಡಿಯ ಅಂಚಿನಲ್ಲೇ ಬರುವುದಕ್ಕೂ ಕಾರಣವಿದೆ. ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ಮೆತ್ತೆಯೊಂದಿದ್ದು, ನಾವು ನಿಂತಾಗ ಮೈಭಾರಕ್ಕೆ ಅದು ಸುತ್ತಲೂ ಹರಡಿಕೊಳ್ಳುತ್ತದೆ. ಮೇಲಿನ ಚರ್ಮವೂ ಅದರೊಂದಿಗೆ ಹಿಗ್ಗಬೇಕು. ಹಿಗ್ಗಲಾರದ ಜಡ್ಡು ಚರ್ಮ ಅಂಚಿನಲ್ಲಿ ಸೀಳುತ್ತದೆ. ಹಿಂಬದಿ ಬಿಗಿತವಿರುವ ಪಾದರಕ್ಷೆ ಈ ಹರಡುವಿಕೆಯನ್ನು ತಡೆಯುತ್ತದೆ, ಬರಿಗಾಲು ಮತ್ತು ಹವಾಯಿ ಚಪ್ಪಲಿ ತಡೆಯುವುದಿಲ್ಲ. ದಿನವಿಡೀ ಅಡುಗೆಮನೆಯ ಗಟ್ಟಿ ನೆಲದ ಮೇಲೆ ನಿಂತು ಕೆಲಸ ಮಾಡುವ ಹೆಂಗಸರಲ್ಲಿ, ಮೈತೂಕ ಹೆಚ್ಚಿರುವವರಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದರಿಂದಲೇ.

ಇಷ್ಟೊಂದು ಮಳೆ ಬೀಳುವ, ಸಮುದ್ರದ ತೇವವಿರುವ ಜಿಲ್ಲೆಯಲ್ಲಿ ಕಾಲು ಒಣಗುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಪದೇಪದೇ ನೆನೆಯುವುದು, ಪದೇಪದೇ ಆರುವುದು, ಇವೆರಡೂ ಸೇರಿಯೇ ಚರ್ಮವನ್ನು ಒಣಗಿಸುತ್ತವೆ: ನೆನೆದಾಗ ಚರ್ಮವು ತನ್ನಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಸಹಜ ದ್ರವ್ಯಗಳನ್ನು ಕಳೆದುಕೊಳ್ಳುತ್ತದೆ, ಆಮೇಲೆ ಆರಿದಾಗ ಮೊದಲಿಗಿಂತ ಹೆಚ್ಚು ಒಣಗುತ್ತದೆ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ನೀರಿನಲ್ಲಿ ನಿಲ್ಲುವವರಿಗೂ, ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬಿಸಿಲಿನಡಿ ಉಪ್ಪುನೀರು ತುಳಿಯುವವರಿಗೂ, ಕೊಟ್ಟಿಗೆ ತೊಳೆದು ಬಂದು ಒಲೆಯ ಮುಂದೆ ನಿಲ್ಲುವವರಿಗೂ ಆಗುವುದು ಇದೇ. ಘಟ್ಟದ ಮೇಲೆ ಡಿಸೆಂಬರಿನ ಚಳಿ ಮತ್ತು ಒಣಗಾಳಿ ಇದಕ್ಕೆ ಸೇರುತ್ತವೆ. ಅದೇ ಕಾಲಕ್ಕೆ ಹಂಡೆಯ ನೀರೂ ಹೆಚ್ಚು ಬಿಸಿಯಾಗುತ್ತದೆ, ಸ್ನಾನವೂ ಉದ್ದವಾಗುತ್ತದೆ. ಸುಡುವ ನೀರು ಹಿತವೆನಿಸಿದರೂ ಚರ್ಮದ ರಕ್ಷಣೆಯ ಜಿಡ್ಡನ್ನು ಅದು ತೊಳೆದುಕೊಂಡು ಹೋಗುತ್ತದೆ. ಬಟ್ಟೆ ಸೋಪನ್ನು ಕಾಲಿಗೆ ಹಾಕಿ ತಿಕ್ಕುವ ಅಭ್ಯಾಸವಿದ್ದರೆ ಅದನ್ನು ಇಂದೇ ನಿಲ್ಲಿಸಿ.

ಇನ್ನು ಮಾಡಬೇಕಾದ ಕ್ರಮ. ದಿನದ ಎಲ್ಲ ಕೆಲಸ ಮುಗಿದು ಇನ್ನು ನೆಲಕ್ಕೆ ಕಾಲಿಡುವುದಿಲ್ಲ ಎನ್ನುವ ಹೊತ್ತಿಗೆ, ಮಲಗುವ ಮುಂಚೆ, ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿಕೊಂಡು ಹಿಮ್ಮಡಿ ಮುಳುಗುವಂತೆ ಹತ್ತರಿಂದ ಹದಿನೈದು ನಿಮಿಷ ಕಾಲಿಟ್ಟು ಕುಳಿತುಕೊಳ್ಳಿ. ನೀರಿಗೆ ಉಪ್ಪು, ಸೋಡಾ, ಶಾಂಪೂ ಏನೂ ಬೇಡ, ನೀರೊಂದೇ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ನೆನೆಸಿದರೆ ಬೆರಳ ಸಂದಿಯ ತೆಳುಚರ್ಮ ಬೆಳ್ಳಗಾಗಿ ಸುಲಿಯತೊಡಗುತ್ತದೆ. ವಾರದಲ್ಲಿ ಎರಡು ದಿನ ಮಾತ್ರ, ನೆನೆದು ಮೆದುವಾದ ಜಡ್ಡಿನ ಮೇಲೆ ಕಾಲು ಉಜ್ಜುವ ಪ್ಯೂಮಿಸ್ ಕಲ್ಲನ್ನು ಒಂದೇ ದಿಕ್ಕಿನಲ್ಲಿ, ಕೈಭಾರ ಹಾಕದೆ, ನಿಧಾನವಾಗಿ ಎಳೆಯಿರಿ. ಒಂದೇ ದಿನದಲ್ಲಿ ನುಣ್ಣಗಾಗಲಿ ಎಂದು ಹಟ ಹಿಡಿಯಬಾರದು, ಉರಿ ಅಥವಾ ಕೆಂಪು ಕಾಣಿಸಿದರೆ ಅಲ್ಲಿಗೆ ಬಿಡಬೇಕು. ರಕ್ತ ಬರುತ್ತಿರುವ ಒಡಕಿನ ಹತ್ತಿರ ಕಲ್ಲು ಹೋಗಲೇಬಾರದು. ನೀವು ಈಗ ತಿಕ್ಕುತ್ತಿರುವುದು ಬಚ್ಚಲಿನ ಚಿರೆಕಲ್ಲಿಗೇ ಆಗಿದ್ದರೆ ಅದು ಈ ಕೆಲಸಕ್ಕೆ ತೀರಾ ಒರಟು. ಚರ್ಮವು ಪೆಟ್ಟಾಯಿತೆಂದು ತಿಳಿದು ಮತ್ತಷ್ಟು ಜಡ್ಡುಗಟ್ಟುತ್ತದೆ, ಮನೆಯವರ ಕಾಲೆಲ್ಲ ಉಜ್ಜಿದ ಕಲ್ಲಿನಿಂದ ಒಬ್ಬರ ಫಂಗಸ್ ಇನ್ನೊಬ್ಬರಿಗೆ ಹರಡುವುದೂ ಉಂಟು.

ಕಾಲನ್ನು ಬಟ್ಟೆಯಿಂದ ಒತ್ತಿ ಒರೆಸಿ, ಬೆರಳ ಸಂದಿಯನ್ನು ಪೂರ್ತಿ ಒಣಗಿಸಿ, ಹಿಮ್ಮಡಿಯಲ್ಲಿ ಇನ್ನೂ ತೇವ ಉಳಿದಿರುವಾಗಲೇ, ಎಂದರೆ ಮೂರು ನಾಲ್ಕು ನಿಮಿಷದೊಳಗೆ, ಹಚ್ಚುವುದನ್ನು ಹಚ್ಚಬೇಕು. ಇಡೀ ಉಪಚಾರದ ಗುಟ್ಟು ಇರುವುದು ಈ ಮೂರು ನಾಲ್ಕು ನಿಮಿಷದಲ್ಲಿ. ಆಮೇಲೆ ತೆಳುವಾದ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ; ಹೊದಿಕೆಗೆ ಸಿಕ್ಕಿ ಎಳೆಯುವುದೂ ನಿಲ್ಲುತ್ತದೆ, ಹಚ್ಚಿದ್ದೂ ಹಾಸಿಗೆಯ ಪಾಲಾಗುವುದಿಲ್ಲ. ಬೆಳಿಗ್ಗೆ ಸ್ನಾನದ ನಂತರ ಇನ್ನೊಮ್ಮೆ ತೆಳುವಾಗಿ ಸವರಿ, ಸ್ವಲ್ಪ ಹೊತ್ತು ಇಂಗಲು ಬಿಟ್ಟು, ನಂತರವೇ ಚಪ್ಪಲಿ ಹಾಕಿಕೊಳ್ಳಿ. ಜಿಡ್ಡು ಸವರಿದ ಕಾಲಿನಲ್ಲಿ ನುಣುಪು ನೆಲದ ಮೇಲೆ ನಡೆದು ಜಾರಿ ಬೀಳುವ ಅಪಾಯವನ್ನು ಹಗುರವಾಗಿ ಎಣಿಸಬೇಡಿ. ಹೀಗೆ ಬಿಡದೆ ಮಾಡಿದರೆ ಎರಡು ಮೂರು ವಾರಗಳಲ್ಲಿ ಒಡಕುಗಳು ಕೂಡಿಕೊಳ್ಳತೊಡಗುತ್ತವೆ; ಜಡ್ಡು ಇಳಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಗುಣವಾಯಿತೆಂದು ಪೂರ್ತಿ ಬಿಟ್ಟರೆ ಮರಳಿ ಬರುತ್ತದೆ. ಮುಂದಿನ ವರ್ಷದಿಂದ ಒಡೆಯುವುದನ್ನು ಕಾಯದೆ, ಮಳೆ ನಿಂತು ಗಾಳಿ ಬದಲಾದ ಕೂಡಲೇ, ದೀಪಾವಳಿಯ ಹೊತ್ತಿಗೇ ಶುರು ಮಾಡಿ.

ಮುರುಗಲು ತುಪ್ಪದ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಮುರುಗಲು ಹಣ್ಣಿನ ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ಉಂಡೆ ಕಟ್ಟಿಟ್ಟ ಈ ತುಪ್ಪದಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳ ಅಂಶವೇ ಹೆಚ್ಚು. ಅದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕಾಲಿನ ಚರ್ಮದ ಉಷ್ಣತೆ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ತೆಂಗಿನೆಣ್ಣೆಯಂತೆ ಹರಿದುಹೋಗದೆ, ಮೇಣದ ಹಾಗೆ ಒಡಕಿನ ಮೇಲೆ ನಿಲ್ಲುತ್ತದೆ. ಉಂಡೆಯನ್ನು ಒಣ ಹಿಮ್ಮಡಿಗೆ ನೇರವಾಗಿ ತಿಕ್ಕಿದರೆ ಮಾತ್ರ ಅದು ಸರಿಯಾಗಿ ಹತ್ತುವುದಿಲ್ಲ. ಚಮಚದಿಂದ ಸ್ವಲ್ಪ ಕೆರೆದು ಸಣ್ಣ ಬಟ್ಟಲಿಗೆ ಹಾಕಿ, ಬಿಸಿನೀರಿನ ಮೇಲಿಟ್ಟು ಕರಗಿಸಿ, ಅಷ್ಟೇ ಪ್ರಮಾಣದ ತೆಂಗಿನೆಣ್ಣೆ ಬೆರೆಸಿ ಆರಲು ಬಿಟ್ಟರೆ ಬೆರಳಿಗೆ ಬರುವಷ್ಟು ಮೆದುವಾದ ಮುಲಾಮು ಸಿದ್ಧವಾಗುತ್ತದೆ. ಕರಗಿದ್ದನ್ನು ಬಿಸಿಯಾಗಿರುವಾಗಲೇ ಒಡಕಿಗೆ ಬಿಡಬಾರದು. ನಿಮ್ಮ ಮನೆಯಲ್ಲಿ ಮುರುಗಲಿನ ಬದಲು ಉಪ್ಪಾಗೆ ತುಪ್ಪವಿದ್ದರೆ ಅದೂ ಆಗುತ್ತದೆ. ಎರಡೂ ಇಲ್ಲದವರಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ನೀರು ಆರದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವ ವಸ್ತು ಕಡಿಮೆ, ಬೆಲೆಯೂ ಅಗ್ಗ.

ಹಾಗಿದ್ದರೆ ಮಗಳು ತಂದ ಕ್ರೀಮ್ ಏಕೆ ಬೇಕು? ಅದರ ಡಬ್ಬಿಯ ಮೇಲೆ ಯೂರಿಯಾ ಎಂದಿದೆಯೇ, ಎಷ್ಟು ಶೇಕಡಾ ಎಂದಿದೆ ಎಂಬುದನ್ನು ನೋಡಿ. ಗೊಬ್ಬರದ ಹೆಸರು ಕೇಳಿ ಗಾಬರಿಯಾಗಬೇಡಿ, ಚರ್ಮದ ಹೊರಪದರದಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಡುವ ದ್ರವ್ಯಗಳಲ್ಲಿ ಯೂರಿಯಾ ಕೂಡ ಒಂದು. (ಗೊಬ್ಬರದ ಚೀಲದಿಂದ ಒಂದು ಹಿಡಿ ತಂದು ನೀರಿಗೆ ಹಾಕುವ ಪ್ರಯೋಗ ಮಾತ್ರ ಬೇಡ, ಔಷಧದ ಯೂರಿಯಾದ ಶುದ್ಧತೆ ಬೇರೆ.) ಶೇಕಡಾ 10ರ ಆಸುಪಾಸಿನಲ್ಲಿ ಅದು ಚರ್ಮಕ್ಕೆ ತೇವ ಕೊಡುತ್ತದೆ, 20 ದಾಟಿದ ಮೇಲೆ ಜಡ್ಡನ್ನು ಸಡಿಲಿಸಿ ಕರಗಿಸುತ್ತದೆ. ತುಪ್ಪ ಮತ್ತು ವ್ಯಾಸಲೀನ್ ಈ ಎರಡನೆಯ ಕೆಲಸವನ್ನು ಮಾಡಲಾರವು. ಆದುದರಿಂದ ಅತ್ತೆ, ಮಗಳು ಇಬ್ಬರನ್ನೂ ಸಮಾಧಾನಪಡಿಸುವ ದಾರಿಯೇ ವೈದ್ಯಕೀಯವಾಗಿಯೂ ಸರಿಯಾದ ದಾರಿ: ತೇವವಿರುವ ಹಿಮ್ಮಡಿಗೆ ಮೊದಲು ಯೂರಿಯಾ ಕ್ರೀಮ್, ಅದು ಇಂಗಿದ ಮೇಲೆ ಅದರ ಮೇಲಿಂದ ಮುರುಗಲು ತುಪ್ಪ. ರಕ್ತ ಬರುವ ಆಳದ ಒಡಕಿಗೆ ಯೂರಿಯಾ ಚುರುಕು ಎನ್ನುತ್ತದೆ. ಅಂಥಲ್ಲಿ ಮೊದಲ ಕೆಲವು ದಿನ ವ್ಯಾಸಲೀನ್ ಅಥವಾ ತುಪ್ಪವನ್ನಷ್ಟೇ ಹಚ್ಚಿ, ಹಗಲು ಒಡಕಿನ ಎರಡು ತುಟಿಗಳು ಹತ್ತಿರ ಬರುವಂತೆ ಅಡ್ಡಲಾಗಿ ಪ್ಲಾಸ್ಟರ್ ಅಂಟಿಸಿಕೊಂಡರೆ ನಡೆಯುವಾಗಿನ ನೋವು ತಕ್ಷಣ ಕಡಿಮೆಯಾಗುತ್ತದೆ.

ಮಾಡಬಾರದವುಗಳಲ್ಲಿ ಒಂದನ್ನು ನಮ್ಮ ಜಿಲ್ಲೆಯ ಓದುಗರಿಗಾಗಿ ಒತ್ತಿ ಹೇಳಬೇಕು. ಗೇರುಬೀಜದ ಸಿಪ್ಪೆಯನ್ನು ಸುಟ್ಟಾಗ ಜಿನುಗುವ ಕಪ್ಪು ಎಣ್ಣೆಯನ್ನು ಒಡೆದ ಹಿಮ್ಮಡಿಗೆ ಬಿಡುವ ರೂಢಿ ಹಿಂದಿನಿಂದ ಇದೆ. ಆ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ಸುಡುವ ದ್ರವ್ಯಗಳು. ದಪ್ಪ ಜಡ್ಡಿನ ಮೇಲೆ ಬಿದ್ದಾಗ ಸುಟ್ಟದ್ದು ತಿಳಿಯದಿರಬಹುದು, ಆದರೆ ಒಡಕಿನೊಳಗೆ ಇಳಿದರೆ ಅಥವಾ ಪಕ್ಕದ ತೆಳುಚರ್ಮಕ್ಕೆ ತಾಗಿದರೆ ಬೊಬ್ಬೆ ಎದ್ದು ಹುಣ್ಣಾಗುತ್ತದೆ. ಕೆಲವರಿಗೆ ಇದರಿಂದ ಅಲರ್ಜಿಯೂ ಆಗಿ, ಮೈಯ ಬೇರೆ ಕಡೆಗಳಲ್ಲಿ ತುರಿಕೆ ಏಳುತ್ತದೆ. ಹಳೆಯದೆಲ್ಲ ಮುರುಗಲು ತುಪ್ಪದಷ್ಟು ನಿರುಪದ್ರವಿಯಲ್ಲ. ಸೀಮೆಎಣ್ಣೆ, ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಇವೂ ಬೇಡ. ಬ್ಲೇಡಿನಿಂದ ಜಡ್ಡನ್ನು ಕೊಯ್ದು ತೆಗೆಯುವುದು ಎಷ್ಟೇ ಸುಲಭವೆನಿಸಿದರೂ ಮನೆಯಲ್ಲಿ ಯಾರೂ ಮಾಡಬಾರದು.

ಇಷ್ಟೆಲ್ಲ ಹೇಳಿದ್ದು ಇದು ಬರಿಯ ಒಣ ಒಡಕು ಎಂದು ನಂಬಿ; ನಿಮ್ಮ ವಿವರಣೆ ಹಾಗೆಯೇ ಇದೆ, ಎರಡೂ ಹಿಮ್ಮಡಿಗಳಲ್ಲಿದೆ, ಚಳಿಯೊಂದಿಗೆ ಬರುತ್ತದೆ. ಆದರೂ ಒಮ್ಮೆ ಬೆಳಕಿನಲ್ಲಿ ಪೂರ್ತಿ ಅಂಗಾಲನ್ನು ನೋಡಿಕೊಳ್ಳಿ. ಹಿಮ್ಮಡಿಯಷ್ಟೇ ಅಲ್ಲದೆ ಇಡೀ ಅಂಗಾಲು ಹಿಟ್ಟು ಉದುರಿದಂತೆ ಬೆಳ್ಳಗೆ ಹೊಟ್ಟೇಳುತ್ತಿದ್ದರೆ, ಗೆರೆಗಳೊಳಗೆ ಆ ಪುಡಿ ಕೂತಿದ್ದರೆ, ಒಂದು ಕಾಲಿನಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಇದ್ದರೆ, ಬೆರಳ ಸಂದಿ ನವೆಯಾಗುತ್ತಿದ್ದರೆ ಅಥವಾ ಉಗುರು ದಪ್ಪವಾಗಿ ಹಳದಿಗಟ್ಟಿದ್ದರೆ ಅದು ಫಂಗಸ್ ಇರಬಹುದು. ಎಷ್ಟು ತುಪ್ಪ ಸವರಿದರೂ ಹೋಗುವುದಿಲ್ಲ. ಹೊಟ್ಟನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ, ಫಂಗಸ್ ನಿವಾರಕ ಮುಲಾಮನ್ನು ಹೇಳಿದಷ್ಟು ವಾರ ಬಿಡದೆ ಹಚ್ಚಿದರೆ ಗುಣವಾಗುತ್ತದೆ. ಮೆಡಿಕಲ್ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಕೊಡುವ, ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆತ ಟ್ಯೂಬುಗಳು ಇಲ್ಲಿ ದೊಡ್ಡ ಉಪದ್ರವ. ಅವು ನವೆಯನ್ನು ಎರಡು ದಿನದಲ್ಲಿ ಅಡಗಿಸುತ್ತವೆ, ಒಳಗೊಳಗೇ ಫಂಗಸ್ಸನ್ನು ಬೆಳೆಸುತ್ತವೆ. ಚರ್ಮದ ವೈದ್ಯರು ಇಂದು ಅತಿ ಹೆಚ್ಚು ಪರದಾಡುತ್ತಿರುವುದು ಈ ಟ್ಯೂಬುಗಳು ಹಾಳುಮಾಡಿಟ್ಟ ಚರ್ಮದ ಜೊತೆಗೆ. ಮಗಳು ತಂದದ್ದು ಅಂಥದ್ದಲ್ಲ ಎಂಬುದನ್ನು ಹೆಸರು ಓದಿ ಖಚಿತಪಡಿಸಿಕೊಳ್ಳಿ. ಮೊಣಕೈ, ಮೊಣಕಾಲು, ತಲೆಯಲ್ಲೂ ಹೊಟ್ಟಿನ ಮಚ್ಚೆಗಳಿದ್ದರೆ ಸೋರಿಯಾಸಿಸ್, ಮೈಯೆಲ್ಲ ಒಣಗಿ ಆಯಾಸ, ಮಲಬದ್ಧತೆ, ತೂಕ ಏರಿಕೆ ಸೇರಿಕೊಂಡಿದ್ದರೆ ಥೈರಾಯ್ಡ್ ಕೊರತೆ ಇರಬಹುದು. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಪರೀಕ್ಷೆಯೊಂದನ್ನು ಮಾಡಿಸಿಕೊಳ್ಳುವುದು ಹೇಗೂ ಒಳ್ಳೆಯದೇ. ಎಲ್ಲಿಯಾದರೂ ಬಣ್ಣ ಮಾಸಿದ, ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಮುಜುಗರ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠರೋಗದಲ್ಲಿಯೂ ಬೆವರು ನಿಂತು ಅಂಗಾಲು ಒಣಗಿ ಒಡೆಯುತ್ತದೆ, ಅದರ ಔಷಧ ಅಲ್ಲಿ ಉಚಿತವಾಗಿ ದೊರೆಯುತ್ತದೆ, ಪೂರ್ಣ ಗುಣವೂ ಆಗುತ್ತದೆ.

ರಕ್ತ ಬರುವ ಒಡಕಿರುವಾಗ ಬರಿಗಾಲಲ್ಲಿ ತೋಟದ ಕಾಲುವೆಗೋ ಗೊಬ್ಬರದ ಗುಂಡಿಗೋ ಇಳಿಯಬೇಡಿ. ಧನುರ್ವಾಯುವಿನ ರೋಗಾಣು ಮಣ್ಣು ಮತ್ತು ಸಗಣಿಯಲ್ಲಿರುತ್ತದೆ. ನೀವು ಆ ಚುಚ್ಚುಮದ್ದು ಹಾಕಿಸಿಕೊಂಡು 10 ವರ್ಷ ದಾಟಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ. ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ ಇಲಿ ಜ್ವರ ಬರುವುದೂ ಬಹುಮಟ್ಟಿಗೆ ಒಡೆದ, ಗಾಯವಾದ ಚರ್ಮದ ಮೂಲಕವೇ. ಮಳೆಗಾಲಕ್ಕೆ ರಬ್ಬರ್ ಗಂಬೂಟು, ಉಳಿದ ಕಾಲಕ್ಕೆ ಹಿಂಬದಿ ಪಟ್ಟಿಯಿರುವ ಮೆತ್ತನೆಯ ಪಾದರಕ್ಷೆ ಸಾಕು. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲವೆನ್ನುವವರು, ನಮ್ಮಲ್ಲಿ ಹಲವರು ಹಾಗೆಯೇ, ಅಡುಗೆಮನೆಯಲ್ಲಿ ನಿಲ್ಲುವ ಜಾಗಕ್ಕೆ ದಪ್ಪನೆಯ ಕಾಲೊರಸನ್ನಾದರೂ ಹಾಸಿಕೊಳ್ಳಬೇಕು.

ಈಗ ಅತ್ತೆಯವರ ಕಾಲು. ಸಕ್ಕರೆ ಕಾಯಿಲೆ ಹಲವು ವರ್ಷ ಕಳೆದಂತೆ ಕಾಲಿನ ನರಗಳನ್ನು ದುರ್ಬಲಗೊಳಿಸುತ್ತದೆ. ಬೆವರು ನಿಲ್ಲುವುದರಿಂದ ಅಂಗಾಲು ಒಣಗುತ್ತದೆ, ಸ್ಪರ್ಶ ಕುಗ್ಗುವುದರಿಂದ ಒಡಕಿನ ನೋವು ಅವರಿಗೆ ತಿಳಿಯುವುದಿಲ್ಲ, ರಕ್ತಸಂಚಾರ ಕುಂದುವುದರಿಂದ ಆದ ಗಾಯ ಬೇಗ ಮಾಯುವುದಿಲ್ಲ. ನೋವಿಲ್ಲ ಎಂಬ ಅವರ ಮಾತನ್ನು ಧೈರ್ಯವೆಂದು ತಿಳಿಯಬಾರದು. ಅದೇ ಅಪಾಯದ ಗುರುತಾಗಿರಬಹುದು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಅವರನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ, ಒತ್ತದೆ, ಮುಟ್ಟಿ. ಮುಟ್ಟಿದ್ದು ತಿಳಿದಾಗಲೆಲ್ಲ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಗ್ಗಿದೆ ಎಂದರ್ಥ.

ಅವರಿಗೆ ಕಾಲು ನೆನೆಸುವ ಕ್ರಮ ಬೇಡ, ಕಲ್ಲಿನಿಂದ ಉಜ್ಜುವುದು ಬೇಡ, ಆಣಿಗೆ ಅಂಟಿಸುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಗಳು ಬೇಡವೇ ಬೇಡ. ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಬಿಡಿಸಿ, ಸುಟ್ಟದ್ದು ಅವರಿಗೆ ಗೊತ್ತಾಗದು. ಸ್ನಾನದ ನೀರಿನ ಬಿಸಿಯನ್ನು ಅವರ ಕಾಲಿನಿಂದಲ್ಲ, ನಿಮ್ಮ ಮೊಣಕೈಯಿಂದ ನೋಡಿ. ಕಾಲು ತೊಳೆದು, ಬೆರಳ ಸಂದಿಗಳನ್ನು ಒಣಗಿಸಿ, ಹಿಮ್ಮಡಿ ಮತ್ತು ಅಂಗಾಲಿಗೆ ಶೇಕಡಾ 10ರ ಯೂರಿಯಾ ಕ್ರೀಮನ್ನೋ ವ್ಯಾಸಲೀನನ್ನೋ ಹಚ್ಚಿ, ಸಂದಿಗಳಿಗೆ ಹಚ್ಚಬೇಡಿ. ಮುರುಗಲು ತುಪ್ಪ ಅವರಿಗೂ ಆಗುತ್ತದೆ, ಆದರೆ ಒಡಕು ತೆರೆದಿರುವಾಗ ಮನೆಯಲ್ಲಿ ಎಷ್ಟೋ ಕಾಲದಿಂದ ಇಟ್ಟ ಉಂಡೆಯನ್ನು ಅದಕ್ಕೆ ಮುಟ್ಟಿಸುವುದು ಬೇಡ. ಪ್ರತಿ ಸಂಜೆ ದೀಪದ ಬೆಳಕಿನಲ್ಲಿ ಅವರ ಅಂಗಾಲನ್ನು ನೀವೇ ನೋಡಿ; ಬಾಗಿ ನೋಡಿಕೊಳ್ಳಲು ಆ ವಯಸ್ಸಿನವರಿಗೆ ಆಗುವುದಿಲ್ಲ, ದೃಷ್ಟಿಯೂ ಮಂಜಾಗಿರಬಹುದು. ಒಡಕಿನ ಸುತ್ತ ಕೆಂಪು, ಊತ, ಬಿಸಿ, ಕೀವು, ದುರ್ವಾಸನೆ ಅಥವಾ ಕಪ್ಪು ಬಣ್ಣ ಕಂಡರೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಂಥದ್ದೇನೂ ಇಲ್ಲದಿದ್ದರೂ ಮೇಲೆ ಹೇಳಿದ ಸ್ಪರ್ಶ ಪರೀಕ್ಷೆಯಲ್ಲಿ ಕೊರತೆ ಕಂಡರೆ ಈ ತಿಂಗಳೊಳಗೆ, ಕೊರತೆ ಇಲ್ಲದಿದ್ದರೆ ವರ್ಷಕ್ಕೊಮ್ಮೆಯಾದರೂ, ಅವರ ಸಕ್ಕರೆ ಕಾಯಿಲೆಯನ್ನು ನೋಡುವ ವೈದ್ಯರಿಂದ ಎರಡೂ ಪಾದಗಳನ್ನು ಪರೀಕ್ಷೆ ಮಾಡಿಸಿ. ಹೋಗುವಾಗ ಅವರು ಹಾಕುವ ಚಪ್ಪಲಿಯನ್ನೂ ಹಚ್ಚುತ್ತಿರುವ ಔಷಧಿಗಳನ್ನೂ ಜೊತೆಗೆ ಒಯ್ದು ತೋರಿಸಿ.